ಹರಿದ ಬೆಡ್‌ಶೀಟಿನ ಮೇಲೊಂದು ಶನಿವಾರ

ಬೆಳಗಿನ ನಾಲ್ಕೂವರೆ. ಷಿಕಾಗೊದ ನಲವತ್ತೇಳನೇ ಬೀದಿಯ ಹಿಂದಿನ ಓಣಿಗೆ ಹಾಲಿನ ಗಾಡಿ ಇನ್ನೂ ಬಂದಿಲ್ಲ. ಮೂರನೇ ಮಹಡಿಯ ಒಂದು ಅಡುಗೆಮನೆಯಲ್ಲಿ ಮಾತ್ರ ಬಲ್ಬು ಉರಿಯುತ್ತಿದೆ. ಒಲೆಯ ಮೇಲೆ ಕಾಫಿ ಕುದಿಯಲು ಬಿಟ್ಟು, ತೀರಿಹೋದ ಗಂಡನ ಉದ್ದ ಕೋಟನ್ನು ಹೆಗಲಿಗೆ ಹಾಕಿಕೊಂಡು, ಆಲ್ಮೆಟಾ ಕ್ರೆನ್‌ಷಾ ಊಟದ ಮೇಜಿಗೆ ಒರಗಿಸಿಟ್ಟ ಚಿತ್ರದ ಮುಂದೆ ನಿಂತಿದ್ದಾರೆ. ಚಿತ್ರದಲ್ಲಿ ಮೀನು ಕರಿಯುವ ಅಂಗಡಿಯ ಮುಂದೆ ಏಳು ಜನರ ಸಾಲು. ಕೊನೆಯವನ ಟೋಪಿಯನ್ನು ಅವರು ಅರ್ಧ ಗಂಟೆಯಿಂದ ಒಮ್ಮೆ ಓರೆ ಮಾಡುತ್ತಾರೆ, ಒಮ್ಮೆ ನೆಟ್ಟಗೆ ಮಾಡುತ್ತಾರೆ.

“ಇವನು ತಾನಾಗಿ ಬಂದೋನಲ್ಲ, ಹೆಂಡ್ತಿ ಬೈದು ಕಳಿಸಿದ್ದು,” ಎನ್ನುತ್ತಾರೆ ಆಲ್ಮೆಟಾ, ಚಿತ್ರದಿಂದ ಕಣ್ಣು ತೆಗೆಯದೆ. “ಟೋಪಿ ನೆಟ್ಟಗಿದ್ರೆ ಅದು ಗೊತ್ತಾಗಲ್ಲ. ತೀರಾ ಓರೆ ಮಾಡಿದ್ರೆ ಕುಡಿದೋನ ಥರ ಕಾಣ್ತಾನೆ. ಪಾಪ, ಅವನು ಕುಡಿದಿರಲಿಲ್ಲ. ಇಲ್ಲದ್ದು ಹೇಳಬಾರದು.”

ಆರೂ ಹತ್ತಕ್ಕೆ ಕುಂಚಗಳು ಹಳೆಯ ಜಾಮ್ ಬಾಟಲಿಗೆ ಇಳಿಯುತ್ತವೆ. ಕಿಟಕಿಯಲ್ಲಿ ಬೆಳಕು ಮೂಡಿ, ಓಣಿಯ ಇಟ್ಟಿಗೆ ಗೋಡೆ ಕೆಂಪಗಾಗುವ ಹೊತ್ತಿಗೆ ಅವರು ಮೆಕ್ಕೆಜೋಳದ ಗಂಜಿ ಕುಡಿದು, ಚಿತ್ರವನ್ನು ಹಾಸಿಗೆಯ ಕೆಳಗೆ ತಳ್ಳಿ, ಮೂರು ಮಹಡಿ ಇಳಿದು ಟ್ರಾಮಿಗೆ ನಿಂತಿರುತ್ತಾರೆ. ಏಳಕ್ಕೆ ಸರಿಯಾಗಿ ಪೇಟೆಯ ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಅವರ ಕೆಲಸ ಶುರು. ಬಿಸಿ ಉರುಳೆಗಳ ಯಂತ್ರಕ್ಕೆ ಒದ್ದೆ ಬೆಡ್‌ಶೀಟು ಕೊಡುವವರು ಇಬ್ಬರು, ಆ ಕಡೆ ಹಿಡಿದು ಮಡಿಸುವವರು ಇಬ್ಬರು. ಆಲ್ಮೆಟಾ ಮಡಿಸುವವರು. ದಿನಕ್ಕೆ ಒಂಬೈನೂರು ಬೆಡ್‌ಶೀಟು, ವಾರಕ್ಕೆ ಆರು ದಿನ, ಇಪ್ಪತ್ತೆರಡು ವರ್ಷ. ಮೇಲಿನ ಕೋಣೆಗಳಲ್ಲಿ ಮಲಗುವವರನ್ನು ಅವರು ಒಮ್ಮೆಯೂ ನೋಡಿಲ್ಲ.

ಹೋಟೆಲಿನ ಹಾಸಿಗೆಯಿಂದ ಹರಿದು ಬಂದ ಬೆಡ್‌ಶೀಟುಗಳು ಚಿಂದಿಯವನ ಪಾಲು. ಆದರೆ ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ತಿಂಗಳಿಗೆ ಎರಡು ಶೀಟು ಆಲ್ಮೆಟಾರ ಚೀಲಕ್ಕೆ ಸೇರಿದರೆ ಆಕೆ ಆ ಕಡೆ ಮುಖ ಮಾಡಿ ಕೆಮ್ಮುತ್ತಾರೆ. ಮನೆಯಲ್ಲಿ ಅದನ್ನು ಕಿತ್ತಳೆ ಪೆಟ್ಟಿಗೆಯ ಹಲಗೆಗೆ ಬಿಗಿದು, ಸರೇಸು ಎಂಬ ಅಂಟು ಮತ್ತು ಸೀಮೆಸುಣ್ಣದ ಪುಡಿ ಕಲಸಿ ಬಳಿದರೆ ಚಿತ್ರಕ್ಕೆ ನೆಲ ಸಿದ್ಧ. ಬಣ್ಣ ಗೋಡೆಗೆ ಹೊಡೆಯುವ ಬಣ್ಣವೇ. ಹೀಗೆ ಬರೆದ ಚಿತ್ರಗಳು ಇನ್ನೂರ ಹದಿನಾಲ್ಕು. ಹಾಸಿಗೆಯ ಕೆಳಗೆ, ಬೀರುವಿನ ಹಿಂದೆ, ಬಚ್ಚಲಿನ ಬಾಗಿಲಿಗೆ ಅಡ್ಡ. ಮನೆಗೆ ಬಂದವರು ಚಿತ್ರಗಳ ನಡುವೆ ಅಡ್ಡಡ್ಡಲಾಗಿ ನಡೆಯಬೇಕು.

ಈ 1953ರ ಮಾರ್ಚಿಗೆ ಆಲ್ಮೆಟಾರಿಗೆ ಐವತ್ತೇಳು ತುಂಬಿತು. ದಕ್ಷಿಣದ ಆರ್ಕನ್ಸಾದ ಹತ್ತಿ ಹೊಲದಿಂದ ತಾಯಿಯ ಜೊತೆ ರೈಲು ಹತ್ತಿ ಬಂದಾಗ ಅವರಿಗೆ ಇಪ್ಪತ್ತೊಂದು. ಡಬ್ಬದಲ್ಲಿ ಕರಿದ ಕೋಳಿ, ಎದೆಯ ಬಳಿ ಸೋದರಮಾವನ ವಿಳಾಸದ ಚೀಟಿ. ಇಳಿದ ರಾತ್ರಿಯೇ ಬೀದಿಯ ದೀಪದ ಬೋರ್ಡುಗಳನ್ನು ಕಂಡು ಬಾಯಿ ತೆರೆದು ನಿಂತುಬಿಟ್ಟರಂತೆ.

“ಅಮ್ಮ ತೋಳು ಜಿಗುಟಿದಳು. ‘ಹಾಗೆ ಕಣ್ಣು ಬಿಟ್ಕೊಂಡು ನೋಡಬೇಡ ಕಣೇ, ಹಳ್ಳಿಯಿಂದ ಬಂದಿದೀವಿ ಅಂತ ಗೊತ್ತಾಗುತ್ತೆ’ ಅಂದಳು. ಗೊತ್ತಾದ್ರೆ ಆಗಲಿ ಬಿಡು ಅಂದ್ಕೊಂಡೆ. ಮಿನುಗೋ ಬೋರ್ಡಿನ ಕೆಳಗೆ ನಮ್ಮ ಜನ ಎಷ್ಟು ಚೆನ್ನಾಗಿ ಬಟ್ಟೆ ಹಾಕ್ಕೊಂಡು ನಡೀತಿದ್ರು ಅಂತೀರಿ! ಊರಲ್ಲಿ ಅದೇ ಜನ ಬಿಳಿಯರ ಮುಂದೆ ತಲೆ ತಗ್ಗಿಸಿ ನಡೀತಿದ್ರು. ಇಲ್ಲಿ ಟೋಪಿ ಸರಿ ಮಾಡ್ಕೊಂಡು, ಬೀದಿ ತಮ್ಮದೇ ಅನ್ನೋ ಹಾಗೆ ನಡೀತಿದ್ರು. ಅದನ್ನ ನೋಡಿ ಸಾಕಾಗಲಿಲ್ಲ ನನಗೆ. ಇವತ್ತಿಗೂ ಸಾಕಾಗಿಲ್ಲ.”

ಮದುವೆಯಾದದ್ದು ಕ್ಲೆಮ್ ಕ್ರೆನ್‌ಷಾ ಎಂಬ ಅಡುಗೆಯವನನ್ನು. ಬೀದಿಯ ಪೂರ್ವದ ತುದಿಯಲ್ಲಿರುವ ‘ಗ್ರೀನ್ ಪ್ಯಾರಟ್’ ಎಂಬ ಕುಣಿತದ ಕ್ಲಬ್ಬಿನಲ್ಲಿ ಆತ ಹಂದಿಮಾಂಸ ಬೇಯಿಸುತ್ತಿದ್ದ. ಶನಿವಾರ ಆತನ ಕೆಲಸ ಮುಗಿಯುವ ತನಕ ಆಲ್ಮೆಟಾ ಅಡುಗೆಮನೆಯ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕಾಯುತ್ತ ಕೂರುತ್ತಿದ್ದರು. ಬರಿಗೈಯಲ್ಲಿ ಕೂತರೆ ನಿದ್ದೆ ಬರುತ್ತದೆಂದು ತಿಂಡಿಪಟ್ಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೀಚತೊಡಗಿದರು. ತುತ್ತೂರಿ ಊದುವವನ ಉಬ್ಬಿದ ಕೆನ್ನೆ. ಕುಣಿದು ಸುಸ್ತಾಗಿ ಮೇಜಿನಡಿ ಚಪ್ಪಲಿ ಬಿಚ್ಚಿಟ್ಟ ಹುಡುಗಿಯ ಕಾಲು. ಗೆಳತಿ ಬಾರದೆ ಎರಡು ಲೋಟ ಮುಂದಿಟ್ಟುಕೊಂಡು ಕೂತ ಪೋಸ್ಟ್‌ಮನ್. 1941ರ ಚಳಿಗಾಲದಲ್ಲಿ ಕ್ಲೆಮ್ ನ್ಯುಮೋನಿಯಾದಿಂದ ತೀರಿಕೊಂಡ. ಮಕ್ಕಳಿರಲಿಲ್ಲ. ಮಣ್ಣು ಮಾಡಿದ ನಂತರದ ಶನಿವಾರ ಕ್ಲಬ್ಬಿನ ಮಾಲೀಕ ತಾನೇ ಮೂರು ಮಹಡಿ ಹತ್ತಿ ಬಂದು, ಏದುಸಿರು ಬಿಡುತ್ತ, “ಮಿಸ್ ಆಲ್ಮೆಟಾ, ನಿಮ್ಮ ಕುರ್ಚಿ ಹಾಗೇ ಇಟ್ಟಿದೀನಿ. ಖಾಲಿ ಕುರ್ಚಿ ನೋಡಿದ್ರೆ ಹೊಸ ಅಡುಗೆಯವನಿಗೆ ಕೈ ಓಡಲ್ಲ,” ಎಂದನಂತೆ.

ಕಲಿಯಲೆಂದು ಒಂದೇ ಒಂದು ಚಳಿಗಾಲ ಸಂಜೆ ತರಗತಿಗೆ ಹೋಗಿದ್ದುಂಟು. ಮೇಷ್ಟ್ರು ಬಟ್ಟಲಲ್ಲಿ ಸೇಬಿಟ್ಟು ಬರೆಯಲು ಹೇಳಿದರು. ಆಲ್ಮೆಟಾ ಸೇಬು ಬರೆಯಲಿಲ್ಲ, ಸೇಬನ್ನು ದಿಟ್ಟಿಸುತ್ತ ಹಸಿದು ಕೂತಿದ್ದ ಪಕ್ಕದ ವಿದ್ಯಾರ್ಥಿಯನ್ನು ಬರೆದರು. “ಸೇಬು ಎಲ್ಲಿಗೂ ಹೋಗಲ್ಲ ಮೇಷ್ಟ್ರೇ, ನಾಳೆನೂ ಇರುತ್ತೆ. ಆದ್ರೆ ಇವನ ಮುಖ ಊಟ ಆದ ತಕ್ಷಣ ಹೋಗಿಬಿಡುತ್ತೆ ಅಂದೆ. ಮೇಷ್ಟ್ರು ನಕ್ಕರು. ಆಮೇಲೆ ಆ ಸೇಬನ್ನ ಅವನಿಗೇ ಕೊಟ್ರು.”

ಆ ಮೇಷ್ಟ್ರಿಂದ ಕಲಿತದ್ದು ಒಂದೇ: ಕಪ್ಪು ಬಣ್ಣದ ಡಬ್ಬಿ ತೆರೆಯಬಾರದು. ನಮ್ಮ ಮೈಬಣ್ಣ ಯಾವ ಡಬ್ಬಿಯಲ್ಲೂ ಇಲ್ಲ, ಕಲಸಿಯೇ ತೆಗೆಯಬೇಕು. ಆಲ್ಮೆಟಾರ ಅಡುಗೆಮನೆಯ ಗೋಡೆಗೆ ಅಂಟಿಸಿದ ರಟ್ಟಿನ ಮೇಲೆ ಮೂವತ್ತೊಂದು ಬಗೆಯ ಕಂದು ಇವೆ. ಪ್ರತಿಯೊಂದರ ಕೆಳಗೂ ಪೆನ್ಸಿಲಿನಲ್ಲಿ ಹೆಸರು: ಹಾಲಿಲ್ಲದ ಕಾಫಿ, ಹಾಲು ಹಾಕಿದ ಕಾಫಿ, ಗೆಣಸಿನ ಸಿಪ್ಪೆ, ಹಳೆ ಇಟ್ಟಿಗೆ, ಕಾಕಂಬಿ, ತಂಬಾಕು. “ಹಗಲಲ್ಲಿ ಇವು ಸಾಕು. ರಾತ್ರಿ ದೀಪದ ಕೆಳಗೆ ಎಲ್ಲಾ ಬದಲಾಗುತ್ತೆ. ಕೆನ್ನೆ ಮೇಲೆ ನೇರಳೆ ಬರುತ್ತೆ, ಹಣೆ ಮೇಲೆ ಹಸಿರು ಬರುತ್ತೆ. ಅದಕ್ಕೇ ರಾತ್ರಿ ಚಿತ್ರನ ಬಲ್ಬಿನ ಬೆಳಕಲ್ಲೇ ಬರೀತೀನಿ. ಅವರನ್ನ ಸೂರ್ಯನ ಮುಂದೆ ನಿಲ್ಲಿಸಿದ್ರೆ ಪಾಪ, ಕಣ್ಣು ಕಿರಿದು ಮಾಡ್ತಾರೆ.”

ಒಮ್ಮೆ ಧೈರ್ಯ ಮಾಡಿ ಪೇಟೆಯ ಒಂದು ಚಿತ್ರಶಾಲೆಗೆ ಎರಡು ಚಿತ್ರ ಹೊತ್ತು ಹೋಗಿದ್ದರು. ಬಾಗಿಲಲ್ಲಿದ್ದಾತ ಇವರನ್ನೂ ಕಾಗದ ಸುತ್ತಿದ ಹೊರೆಯನ್ನೂ ನೋಡಿ, “ಸಾಮಾನು ತಂದವರು ಹಿಂದಿನ ಬಾಗಿಲಿಗೆ,” ಎಂದ. ಯಾರೋ ದೊಡ್ಡ ಕಲಾವಿದನ ಚಿತ್ರವನ್ನು ಈ ಹೆಂಗಸು ತಲುಪಿಸಲು ಬಂದಿದ್ದಾಳೆ ಎಂಬ ಭಾವನೆ ಅವನದು. ಆಲ್ಮೆಟಾ ಹಿಂದಿನ ಬಾಗಿಲಿಗೂ ಹೋಗಲಿಲ್ಲ. ಟ್ರಾಮು ಹತ್ತಿ ಮನೆಗೆ ಬಂದರು. “ಎರಡು ದಿನ ಹೊಟ್ಟೆ ಉರೀತು. ಮೂರನೇ ದಿನ ಅವನನ್ನೇ ಬರೆದೆ. ಚೆನ್ನಾಗಿ ಬಂದ. ಮೂಗು ಸ್ವಲ್ಪ ಉದ್ದ ಆಯ್ತು, ಬೇಕು ಅಂತ ಮಾಡಿದ್ದಲ್ಲ.”

ಹೀಗೆ ಮೂವತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಬೆಳೆದ ಚಿತ್ರಗಳು ಹೊರಗೆ ಬಂದದ್ದು ಹೋದ ಅಕ್ಟೋಬರಿನಲ್ಲಿ. ತಂದವರು ಬೀದಿಯ ಗ್ರಂಥಾಲಯದ ಮಿಸ್ ವೈಯೊಲಾ ಬೆಕ್‌ವಿತ್. ಸಣ್ಣ ದೇಹ, ದೊಡ್ಡ ಕನ್ನಡಕ, ಇಲ್ಲ ಎಂಬ ಮಾತು ಕಿವಿಗೆ ಬೀಳದ ಜಾತಿ. ಪುಸ್ತಕ ಹಿಂದಿರುಗಿಸಲು ಬಂದ ಆಲ್ಮೆಟಾರ ಪುಸ್ತಕದೊಳಗೆ ಮರೆತುಹೋದ ಒಂದು ಪೆನ್ಸಿಲ್ ಚಿತ್ರ ಸಿಕ್ಕಿದ್ದೇ ನೆಪ. ಮರುದಿನವೇ ಮನೆಗೆ ಬಂದು, ಹಾಸಿಗೆಯ ಕೆಳಗೆ ತಲೆ ಹಾಕಿ, ಇಪ್ಪತ್ತು ಚಿತ್ರಗಳನ್ನು ಆರಿಸಿ, ಓದುವ ಕೋಣೆಯ ಗೋಡೆಗೆ ತೂಗುಹಾಕಿದರು.

ಮೊದಲ ವಾರ ಬೀದಿಗೆ ಬೀದಿಯೇ ಬಂತು. ಮೀನಂಗಡಿಯವನು ತನ್ನ ಹೊಟ್ಟೆಯನ್ನು ಕಂಡು ನಕ್ಕ. ಮುದುಕಿಯೊಬ್ಬಳು ಸತ್ತ ತಂಗಿಯನ್ನು ಚಿತ್ರದ ಟ್ರಾಮಿನ ಕಿಟಕಿಯಲ್ಲಿ ಕಂಡು, ಕುರ್ಚಿ ಎಳೆದುಕೊಂಡು ಸಂಜೆತನಕ ಅದರೆದುರೇ ಕೂತಳು. ಎರಡನೇ ವಾರ ಗುಸುಗುಸು ಶುರುವಾಯಿತು.

ಕಿಟಕಿಯ ಪಕ್ಕದ ಚಿತ್ರ ಗ್ರೀನ್ ಪ್ಯಾರಟ್‌ನ ಕುಣಿತದ್ದು. ನಡುವೆ ಹಳದಿ ಗೌನಿನ ಒಬ್ಬ ಹೆಂಗಸು. ಕುತ್ತಿಗೆ ಹಿಂದಕ್ಕೆ ವಾಲಿ, ಕಣ್ಣು ಮುಚ್ಚಿ, ಲೋಕ ಮರೆತು ನಗುತ್ತಿದ್ದಾಳೆ. ಅವಳ ಜೊತೆ ಕುಣಿಯುವ ಗಂಡಸಿನ ಮುಖ ಅವಳ ಹೆಗಲ ಹಿಂದೆ ಅಡಗಿದೆ. ಆ ಹೆಂಗಸು ಯಾರೆಂದು ಬೀದಿಯ ಮೂಲೆಯ ಚರ್ಚಿಗೆ ಹೋಗುವವರಿಗೆ ಯಾರೂ ಹೇಳಬೇಕಿರಲಿಲ್ಲ. ಸಿಸ್ಟರ್ ಓಜೆಲ್ಲಾ ಟಿಬ್ಸ್! ಭಾನುವಾರ ಬಿಳಿ ಉಡುಪು, ಬಿಳಿ ಕೈಗವಸು ತೊಟ್ಟು ಚರ್ಚಿನ ಮುಂಬಾಗಿಲಲ್ಲಿ ನಿಂತು, ಬಂದವರನ್ನು ಸಾಲು ಹಿಡಿದು ಕೂರಿಸುವ ಹೆಂಗಸರ ಮುಖ್ಯಸ್ಥೆ. ಗಟ್ಟಿಯಾಗಿ ಪಿಸುಗುಟ್ಟಿದರೂ ತಿರುಗಿ ನೋಡಿ ಹುಬ್ಬು ಗಂಟಿಕ್ಕುವವರು. ಕುಣಿತವನ್ನು ಪಾಪವೆನ್ನುವ ಚರ್ಚು ಅದು. ಎರಡು ವರ್ಷದ ಹಿಂದೆ ತೀರಿಕೊಂಡ ಅವರ ಗಂಡ ಎಲ್ಬರ್ಟ್ ಟಿಬ್ಸ್ ಅದೇ ಚರ್ಚಿನ ಡೀಕನ್, ಹಿರಿಯರಲ್ಲಿ ಹಿರಿಯ.

“ಡೀಕನ್ ಬದುಕಿದ್ದಾಗಿಂದೋ, ಸತ್ತ ಮೇಲಿಂದೋ?”

“ಯಾವಾಗಿಂದಾದ್ರೆ ಏನಮ್ಮಾ, ಜೊತೆಗಿರೋನು ಡೀಕನ್ ಅಂತೂ ಅಲ್ವಲ್ಲ! ಆ ಪುಣ್ಯಾತ್ಮ ಹಾಡಿಗೆ ಕಾಲೂ ಕುಟ್ಟಿದೋನಲ್ಲ.”

“ಮುಖ ಬೇರೆ ಮುಚ್ಕೊಂಡಿದಾನೆ ನೋಡು. ಕಳ್ಳನಿಗೆ ಗೊತ್ತು.”

ಮೂರನೇ ಭಾನುವಾರ ಓಜೆಲ್ಲಾರ ಕೈಗವಸು ಕೇಳಿ ಪಡೆದುಕೊಂಡದ್ದಾಯಿತು. ರೆವರೆಂಡ್ ಹೋಬ್ಸನ್ ಮೆದುವಾಗಿಯೇ ಹೇಳಿದರಂತೆ, ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ ಸಿಸ್ಟರ್ ಎಂದು. ಓಜೆಲ್ಲಾ ಕೈಗವಸು ಬಿಚ್ಚಿ ಕೊಟ್ಟರು. ಹಿಂದಿನ ಸಾಲಿನಲ್ಲಿ ಹೋಗಿ ಕೂತರು. ಪಕ್ಕದ ಜಾಗ ಖಾಲಿಯೇ ಉಳಿಯಿತು.

ಈ ಸುದ್ದಿ ಆಲ್ಮೆಟಾರ ಕಿವಿಗೆ ಬಿದ್ದದ್ದು ಟ್ರಾಮಿನಲ್ಲಿ. ಅಂದು ಅವರು ಮಡಿಸಿದ ಬೆಡ್‌ಶೀಟುಗಳ ಅಂಚು ಒಂದೂ ಕೂಡಲಿಲ್ಲವಂತೆ.

“ಆ ಗಂಡಸು ಯಾರು ಅಂತ ನನಗೆ ಗೊತ್ತಿತ್ತಲ್ಲ!” ಎನ್ನುವಾಗ ಈಗಲೂ ಅವರ ದನಿ ಕುಗ್ಗುತ್ತದೆ. “1939ರಲ್ಲಿ ಬರೆದಿದ್ದು ಅದು. ಅದು ಡೀಕನ್ನೇ, ಅವಳ ಗಂಡನೇ. ವರ್ಷಕ್ಕೊಂದು ಸಲ, ಮದುವೆ ದಿನ, ಇಬ್ಬರೂ ಕಳ್ಳರ ಥರ ಹಿಂದಿನ ಬಾಗಿಲಿಂದ ಬರ್ತಿದ್ರು. ಎರಡು ಹಾಡಿಗೆ ಕುಣಿದು ಹೋಗ್ತಿದ್ರು. ಒಂದು ತೊಟ್ಟು ಕುಡೀತಿರಲಿಲ್ಲ. ನಾನು ಬರೆಯೋವಾಗ ಯೋಚನೆ ಮಾಡಿದೆ, ಚರ್ಚಿನ ದೊಡ್ಡ ಮನುಷ್ಯ, ಮಾನ ಹೋಗಬಾರದು ಅಂತ. ಮುಖನ ಹೆಗಲ ಹಿಂದೆ ಇಟ್ಟೆ. ಅವಳದ್ದು ಮುಚ್ಚೋಕೆ ಮನಸ್ಸು ಬರಲಿಲ್ಲ. ಅಷ್ಟು ಚೆನ್ನಾಗಿ ನಗ್ತಿದ್ಲು. ಗಂಡಸಿನ ಮಾನ ಕಾಯೋಕೆ ಹೋಗಿ ಹೆಂಗಸಿನ ಮಾನ ಬೀದಿಗೆ ತಂದೆ. ಹದಿಮೂರು ವರ್ಷ ಹಾಸಿಗೆ ಕೆಳಗೆ ಮಲಗಿತ್ತು, ಗೋಡೆಗೆ ಏರಿಸೋವಾಗ ಅದು ನನಗೆ ನೆನಪೇ ಆಗಲಿಲ್ಲ.”

ಅಂದು ಸಂಜೆಯೇ ಅವರು ಓಜೆಲ್ಲಾರ ಮನೆಯ ಬಾಗಿಲು ತಟ್ಟಿದರು. ಬಾಗಿಲು ಅರ್ಧ ತೆರೆಯಿತು, ಸರಪಳಿ ಬಿಚ್ಚಲಿಲ್ಲ.

“ನೋಡೋಕೆ ಬಂದ್ರಾ?” ಎಂದರು ಓಜೆಲ್ಲಾ. “ಪೆನ್ಸಿಲ್ ತಂದಿದೀರಾ, ಮರೆತ್ರಾ?”

“ತಪ್ಪಾಯ್ತು ಸಿಸ್ಟರ್ ಟಿಬ್ಸ್. ನಾನೇ ಭಾನುವಾರ ಚರ್ಚಲ್ಲಿ ಎದ್ದು ನಿಂತು ಹೇಳ್ತೀನಿ, ಜೊತೇಲಿರೋದು ನಿಮ್ಮ ಯಜಮಾನರೇ ಅಂತ.”

“ಬಾಯಿ ಬಿಟ್ಟೀರಿ ಜೋಕೆ!” ಸರಪಳಿ ಜಣ್ಣೆಂದಿತು. “ಅದನ್ನ ಹೇಳೋಕೆ ನನಗೆ ಬಾಯಿಲ್ವಾ? ಇಪ್ಪತ್ತೆಂಟು ವರ್ಷ ಆ ಮನುಷ್ಯ ಆ ಚರ್ಚಿಗೆ ಬೆನ್ನು ಬಗ್ಗಿಸಿದಾನೆ. ಸತ್ತೋನ ಹೆಸರು ಹೇಳಿ ನಾನು ಪಾರಾಗ್ಲಾ? ಅವನು ಎದ್ದು ಬಂದು ಉತ್ತರ ಕೊಡ್ತಾನಾ?”

ಒಬ್ಬ ಗಂಡಸಿನ ಮಾನವನ್ನು ಇಬ್ಬರು ಹೆಂಗಸರು ಎರಡು ಕಡೆಯಿಂದ ಕಾದು ಕಾದು, ಈ ಗತಿಗೆ ತಂದಿದ್ದರು. ಕೊನೆಗೆ ಆಲ್ಮೆಟಾ, “ಹಾಗಾದ್ರೆ ನಿಮ್ಮ ಮುಖ ಅಳಿಸಿಬಿಡ್ತೀನಿ. ಬೇರೆ ಯಾರದೋ ಮುಖ ಇಡ್ತೀನಿ. ನಾಳೆ ಬೆಳಿಗ್ಗೆ, ನಿಮ್ಮ ಕಣ್ಣೆದುರಿಗೇ,” ಎಂದರು. ಓಜೆಲ್ಲಾ ಒಪ್ಪಿದರು. ಆ ತನಕ ಅವರು ಆ ಚಿತ್ರವನ್ನು ಕಣ್ಣಾರೆ ಕಂಡಿರಲಿಲ್ಲ. ಗ್ರಂಥಾಲಯ ಇದ್ದ ಬದಿಯ ಕಾಲುದಾರಿಯನ್ನೇ ಬಿಟ್ಟು ನಡೆಯುತ್ತಿದ್ದರು.

ಮರುದಿನ ಆಲ್ಮೆಟಾ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕೆಲಸಕ್ಕೆ ರಜೆ ಹೇಳಿದರು. ಗ್ರಂಥಾಲಯ ತೆರೆಯುವ ಮುಂಚೆಯೇ ಮಿಸ್ ಬೆಕ್‌ವಿತ್ ಬಾಗಿಲು ತೆಗೆದು, ತಮಗೆ ಪುಸ್ತಕ ಜೋಡಿಸುವುದಿದೆ ಎಂದು ಒಳಗೆ ಹೋದರು. ಆಲ್ಮೆಟಾ ಚಿತ್ರವನ್ನು ಗೋಡೆಯಿಂದ ಇಳಿಸಿ ಓದುವ ಮೇಜಿನ ಮೇಲಿಟ್ಟು, ಕಲಸಿ ತಂದ ಕಂದು ಬಣ್ಣದ ಡಬ್ಬಿ ತೆರೆದು, ಕುಂಚ ಅದ್ದಿದರು. ಓಜೆಲ್ಲಾ ಹ್ಯಾಟು ತೆಗೆಯದೆ, ಕೈಚೀಲ ಎದೆಗೊತ್ತಿಕೊಂಡು, ಮಾರು ದೂರದಲ್ಲಿ ನಿಂತಿದ್ದರು. ಆಮೇಲೆ ಒಂದು ಹೆಜ್ಜೆ ಹತ್ತಿರ ಬಂದರು. ಇನ್ನೊಂದು.

ಅವರು ತಮ್ಮ ಮುಖವನ್ನು ನೋಡುತ್ತಿರಲಿಲ್ಲ. ಹಳದಿ ಗೌನಿನ ಬೆನ್ನ ಮೇಲೆ ಅಗಲವಾಗಿ ಊರಿದ್ದ ಗಂಡಸಿನ ಕೈಯನ್ನು ನೋಡುತ್ತಿದ್ದರು. ಕಿರುಬೆರಳು ಅರ್ಧಕ್ಕೇ ನಿಂತಿತ್ತು. ಎಲ್ಬರ್ಟ್ ಟಿಬ್ಸ್ ಹರೆಯದಲ್ಲಿ ಕಸಾಯಿ ಕಾರ್ಖಾನೆಯಲ್ಲಿ ದುಡಿಯುವಾಗ ಆ ಬೆರಳಿನ ಅರ್ಧ ಕಳೆದುಕೊಂಡಿದ್ದರು. ಚರ್ಚಿನಲ್ಲಿ ಸದಾ ಕೈಗವಸು. ಹಾಗಾಗಿ ಆ ಬೀದಿಯಲ್ಲಿ ಅದನ್ನು ಬಲ್ಲವರು ಇಬ್ಬರೋ ಮೂವರೋ.

“ಎಷ್ಟು ಬಿಸಿ ಇರ್ತಿತ್ತು ಆ ಕೈ,” ಎಂದರು ಓಜೆಲ್ಲಾ. ಯಾರಿಗೆ ಹೇಳಿದರೋ.

ಆಲ್ಮೆಟಾರ ಕುಂಚದಿಂದ ಬಣ್ಣ ಮೇಜಿನ ಮೇಲೆ ತೊಟ್ಟಿಕ್ಕಿತು.

“ದೇವರಿಗೆ ಮುನ್ನೂರ ಅರವತ್ತನಾಲ್ಕು ದಿನ, ನಿನಗೆ ಒಂದು ದಿನ ಅಂತಿದ್ದ ಕಣೇ. ಆ ಒಂದು ದಿನಕ್ಕೋಸ್ಕರ ಒಂದು ತಿಂಗಳು ಮುಂಚಿಂದ ಅಡುಗೆಮನೇಲಿ ಒಬ್ಬನೇ ಹೆಜ್ಜೆ ಹಾಕಿ ಕಲೀತಿದ್ದ. ಕೆಳಗಿನ ಮನೆಯೋರು ಪೊರಕೆಯಿಂದ ಸೂರು ಕುಟ್ಟೋರು.” ಓಜೆಲ್ಲಾ ಕೈಚೀಲ ಕೆಳಗಿಟ್ಟು, ಕುರ್ಚಿ ಎಳೆದು ಕೂತರು. ಹ್ಯಾಟು ತೆಗೆದರು. “ಮನೇಲಿ ಅವನ ಫೋಟೋ ಒಂದಿದೆ. ಕತ್ತಿಗೆ ಕಾಲರ್ ಬಿಗಿದು, ಹಲ್ಲುನೋವು ಬಂದೋನ ಥರ ನಿಂತಿದಾನೆ. ಈ ಕೈ ನೋಡು. ಇದಕ್ಕೆ ಒಂಚೂರಾದ್ರೂ ನಾಚಿಕೆ ಇದೆಯಾ? ಇಲ್ಲ. ಮತ್ತೆ ನಾವ್ಯಾಕೆ ಅವನ ಪರವಾಗಿ ನಾಚ್ಕೊಂಡು ಕೂತಿದೀವಿ?”

“ಮುಖ ಅಳಿಸೋದು…” ಎಂದರು ಆಲ್ಮೆಟಾ.

“ಅಳಿಸಬೇಡ. ಅವನ ಮುಖ ಈ ಕಡೆ ತಿರುಗಿಸು.”

ಹಿಂದಿನ ಸಂಜೆ ಬಾಗಿಲಲ್ಲಿ ನಿಂತು ಬಹುವಚನದಲ್ಲಿ ಮಾತಾಡಿದವರು ಅಂದಿನಿಂದ ಏಕವಚನಕ್ಕೆ ಬಂದರು.

ಆದರೆ ತಿರುಗಿಸುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಆಲ್ಮೆಟಾ ಡೀಕನ್ನರ ಕುಣಿಯುವ ಮುಖವನ್ನು ಕಂಡದ್ದು ಕ್ಷಣಮಾತ್ರ, ಅದೂ ಹದಿಮೂರು ವರ್ಷದ ಕೆಳಗೆ. ಹೀಗಾಗಿ ಚಿತ್ರವನ್ನು ಮನೆಗೆ ಹೊತ್ತು ತಂದರು, ಆರು ಬೆಳಗು ಓಜೆಲ್ಲಾ ನಾಲ್ಕೂವರೆಗೇ ಆ ಅಡುಗೆಮನೆಗೆ ಬಂದರು. ಒಬ್ಬರು ಹೇಳುವುದು, ಒಬ್ಬರು ಬರೆಯುವುದು. ಮೊದಲ ದಿನ ಬಂದ ಮುಖ ತೀರಾ ಸಂತನ ಹಾಗಿತ್ತು. ಓಜೆಲ್ಲಾ, “ಇವನು ಯಾರು, ನನ್ನ ಮೈದುನನಾ?” ಎಂದರು. ಎರಡನೇ ದಿನದ್ದು ತೀರಾ ರಸಿಕ. “ಅಯ್ಯೋ, ಇವನ ಜೊತೆ ನಾನೂ ಹೋಗ್ತಿರಲಿಲ್ಲ.” ನಾಲ್ಕನೇ ಬೆಳಗು ಗೆಣಸಿನ ಕಡುಬು ತಿನ್ನುತ್ತ ಓಜೆಲ್ಲಾ ಇದ್ದಕ್ಕಿದ್ದಂತೆ ನೆನೆದರು: “ನಾಲಿಗೆ ತುದಿ ಕಚ್ಕೊತಿದ್ದ! ಹೆಜ್ಜೆ ಎಣಿಸ್ತಿದ್ದ ಪಾಪ. ಒಂದು ಎರಡು ಮೂರು, ಒಂದು ಎರಡು ಮೂರು. ನಾನು ಕಣ್ಣು ಮುಚ್ಚಿ ನಗ್ತಿದ್ದಿದ್ದು ಅದಕ್ಕೇ. ನನ್ನ ಕಿವೀಲಿ ಎಣಿಸ್ತಿದ್ದ.”

ಹಾಗೆ ಬಂದ ಮುಖವೇ ಈಗ ಚಿತ್ರದಲ್ಲಿರುವುದು. ಹುಬ್ಬು ಗಂಟಿಕ್ಕಿ, ತುಟಿಯ ಮೂಲೆಯಲ್ಲಿ ನಾಲಿಗೆ ಕಚ್ಚಿ, ಹೆಂಡತಿಯ ಕಾಲು ತುಳಿಯದ ಹಾಗೆ ಜಗತ್ತಿನ ಎಲ್ಲ ಜವಾಬ್ದಾರಿಯನ್ನೂ ಹೊತ್ತು ಕುಣಿಯುತ್ತಿರುವ ಒಬ್ಬ ಗಂಡ. ಆರನೇ ಬೆಳಗು ಮುಖ ಮುಗಿಯಿತು. ಓಜೆಲ್ಲಾ ಎದ್ದು ಹೋಗಿ, ಆರಿದ ಒಲೆಯ ಮೇಲೆ ಕಾಫಿ ಇಟ್ಟು, ಗೋಡೆಗೆ ಮುಖ ಮಾಡಿ ಬಹಳ ಹೊತ್ತು ನಿಂತರು. ಒಲೆ ಉರಿಯುತ್ತಿಲ್ಲ ಎಂದು ಆಲ್ಮೆಟಾ ಹೇಳಲಿಲ್ಲ.

ನವೆಂಬರಿನ ಮೂರನೇ ವಾರ ಚಿತ್ರ ಮತ್ತೆ ಗೋಡೆಗೇರಿತು. ಈ ಸಲ ಅದರ ಕೆಳಗೆ ಮಿಸ್ ಬೆಕ್‌ವಿತ್ ಅಚ್ಚುಕಟ್ಟಾಗಿ ಬರೆದ ಚೀಟಿ: ಶ್ರೀ ಮತ್ತು ಶ್ರೀಮತಿ ಟಿಬ್ಸ್, ಮದುವೆಯ ದಿನದ ನೆನಪಿಗೆ, 1939. ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಅರ್ಧ ಚರ್ಚು ಗ್ರಂಥಾಲಯಕ್ಕೆ ನುಗ್ಗಿತು. ಕೊನೆಯಲ್ಲಿ ರೆವರೆಂಡ್ ಹೋಬ್ಸನ್ ಬಂದರು. ಜನ ದಾರಿ ಬಿಟ್ಟರು. ಅವರು ಕನ್ನಡಕ ಒರೆಸಿ ಹಾಕಿಕೊಂಡು, ಹತ್ತಿರ ಬಾಗಿ ನೋಡಿದರು. ಓಜೆಲ್ಲಾ ಬೆನ್ನು ನೆಟ್ಟಗೆ ಮಾಡಿ ನಿಂತರು.

“ಹಾಡುವಾಗಲೂ ಹೀಗೇ ನಾಲಿಗೆ ಕಚ್ಕೊತಿದ್ದ,” ಎಂದರು ರೆವರೆಂಡ್ ಕೊನೆಗೆ. ಆಮೇಲೆ ಕನ್ನಡಕ ತೆಗೆದು, “ಕುಣಿತದ ಬಗ್ಗೆ ನನ್ನ ಮಾತು ಬದಲಾಗಿಲ್ಲ, ಸಿಸ್ಟರ್ ಟಿಬ್ಸ್.”

“ನನ್ನದೂ ಬದಲಾಗಿಲ್ಲ, ರೆವರೆಂಡ್,” ಎಂದರು ಓಜೆಲ್ಲಾ.

ಎಲ್ಲವೂ ಸರಿಹೋಯಿತು ಎನ್ನುವಂತಿಲ್ಲ. ಮುಖ್ಯಸ್ಥೆಯ ಜಾಗಕ್ಕೆ ಅಷ್ಟರಲ್ಲಿ ಬೇರೊಬ್ಬರು ಬಂದಾಗಿತ್ತು, ಅವರು ಬಿಟ್ಟುಕೊಡಲಿಲ್ಲ. ಕೈಗವಸು ಮರಳಿತು. ಆದರೆ ಓಜೆಲ್ಲಾ ಈಗ ನಿಲ್ಲುವುದು ಪಕ್ಕದ ಬಾಗಿಲಲ್ಲಿ, ತಡವಾಗಿ ಬರುವವರು ನುಸುಳುವ ಕಡೆ. “ಮುಂಬಾಗಿಲಿಗಿಂತ ಇಲ್ಲೇ ವಾಸಿ,” ಎನ್ನುತ್ತಾರೆ ಅವರು. “ತಡವಾಗಿ ಬರೋರಿಗೆ ಒಂದೊಂದು ಕಥೆ ಇರುತ್ತೆ.” ಬುಧವಾರ ಸಂಜೆ ಅವರು ಆಲ್ಮೆಟಾರ ಮನೆಯಲ್ಲಿರುತ್ತಾರೆ. ಇನ್ನೂರ ಹದಿನಾಲ್ಕು ಚಿತ್ರಗಳಿಗೂ ಹೆಸರು, ವರ್ಷ ಬರೆದಿಡುವ ಕೆಲಸ ಅವರದು. ಆಲ್ಮೆಟಾ ಮರೆತ ಹೆಸರುಗಳು ಅವರ ನಾಲಿಗೆಯ ತುದಿಯಲ್ಲಿರುತ್ತವೆ. ಒಂದೊಂದು ಹೆಸರಿಗೆ ಒಂದೊಂದು ಬೈಗುಳವೂ.

ಇನ್ನೊಂದು ವಿಚಿತ್ರ ಶುರುವಾಗಿದೆ. ಚರ್ಚಿನ ಹಿರಿಯರು ಒಬ್ಬೊಬ್ಬರಾಗಿ, ಅತ್ತಿತ್ತ ನೋಡಿ, ಆಲ್ಮೆಟಾರ ಮೂರು ಮಹಡಿ ಹತ್ತುತ್ತಿದ್ದಾರೆ. ಮೊನ್ನೆ ಬಂದ ಎಪ್ಪತ್ತರ ಹೆಂಗಸೊಬ್ಬರು ಉಸಿರು ತಿರುಗಿಸಿಕೊಂಡು ಕೇಳಿದ್ದು: “ಆಲ್ಮೆಟಾ, ಮೂವತ್ತೆಂಟನೇ ಇಸವೀಲಿ, ಈಸ್ಟರ್ ಮುಂಚಿನ ಶನಿವಾರ… ನಾನಿಲ್ಲ ತಾನೇ?” ಆಲ್ಮೆಟಾ ಹುಡುಕಿ ನೋಡಿ, ಇಲ್ಲ ಎಂದರು. ಆಕೆಯ ಮುಖ ಬಾಡಿತು. “ಸರಿಯಾಗಿ ನೋಡಿದ್ಯಾ? ನೀಲಿ ಬಟ್ಟೆ ಹಾಕಿದ್ದೆ.”

ಆದರೂ ಆಲ್ಮೆಟಾ ಕಳೆದುಕೊಂಡದ್ದು ಕಡಿಮೆಯೇನಲ್ಲ. ಮೂವತ್ತು ವರ್ಷ ಅವರು ಗೋಡೆಯ ಗಡಿಯಾರದಷ್ಟೇ ಸದ್ದಿಲ್ಲದೆ ಆ ಕ್ಲಬ್ಬಿನ ಮೂಲೆಯಲ್ಲಿ ಕೂತಿದ್ದರು. ಯಾರೂ ಗಮನಿಸುತ್ತಿರಲಿಲ್ಲ. ಈಗ ಅವರು ಒಳಗೆ ಕಾಲಿಟ್ಟರೆ ಅರ್ಧ ಜನ ಮುಖ ತಿರುಗಿಸುತ್ತಾರೆ, ಇನ್ನರ್ಧ ತಲೆ ಬಾಚಿಕೊಳ್ಳುತ್ತಾರೆ. ಹೋದ ಶನಿವಾರ ತುತ್ತೂರಿಯವನು ಊದುವುದನ್ನು ನಿಲ್ಲಿಸಿ, ಬಲಗಡೆಯಿಂದ ಬರೀರಿ ಮಿಸ್ ಆಲ್ಮೆಟಾ, ಎಡಗಡೆ ಹಲ್ಲಿಲ್ಲ ಎಂದನಂತೆ. ಮೀನಂಗಡಿಯ ಸಾಲು ಬರೆದದ್ದು ಅದಕ್ಕೇ, ಹಸಿದವರಿಗೆ ಪಕ್ಕಕ್ಕೆ ನೋಡುವ ಪುರುಸೊತ್ತಿರುವುದಿಲ್ಲ.

ಮೇ ತಿಂಗಳಲ್ಲಿ ಇನ್ನೊಂದು ಪ್ರದರ್ಶನ ಇಡಬೇಕೆಂದು ಮಿಸ್ ಬೆಕ್‌ವಿತ್ ಓಡಾಡುತ್ತಿದ್ದಾರೆ. ಪೇಟೆಯಿಂದ ಯಾರೋ ಬಂದು ನೋಡಿ ಹೋಗಿದ್ದಾರೆ, ಪತ್ರ ಬರೆಯುತ್ತೇನೆ ಎಂದಿದ್ದಾರೆ. ಆಲ್ಮೆಟಾರಿಗೆ ಆ ಪತ್ರದ ಚಿಂತೆಯಿಲ್ಲ. ಅವರ ಮನಸ್ಸಿರುವುದು ಬೀದಿಯ ಕ್ಷೌರದಂಗಡಿಯಲ್ಲಿ. ಇಷ್ಟು ವರ್ಷ ಕಿಟಕಿಯಿಂದ ಹಾದುಹೋಗುವಾಗ ಕಂಡದ್ದಷ್ಟೇ: ನೊರೆ ಮೆತ್ತಿದ ಕೆನ್ನೆಗಳು, ಪಗಡೆಯಂಥ ಹಲಗೆಯಾಟ, ಎಲ್ಲರೂ ಒಟ್ಟಿಗೇ ಮಾತಾಡಿ ಒಟ್ಟಿಗೇ ನಗುವುದು. ಹೆಂಗಸರು ಒಳಗೆ ಹೋಗುವ ರೂಢಿಯಿಲ್ಲ. ಹೋದ ವಾರ ಧೈರ್ಯ ಮಾಡಿ ಬಾಗಿಲಲ್ಲಿ ನಿಂತು ಕೇಳಿದರಂತೆ. ಕ್ಷೌರಿಕ ಕತ್ತರಿ ಎತ್ತಿಹಿಡಿದು ಯೋಚಿಸಿ, ಮಂಗಳವಾರ ಬನ್ನಿ, ನೋಡೋಣ ಎಂದಿದ್ದಾನೆ.

“ಮೂಲೇಲಿ ಒಂದು ಸ್ಟೂಲು ಸಾಕು ನನಗೆ,” ಎನ್ನುತ್ತಾರೆ ಆಲ್ಮೆಟಾ, ಟ್ರಾಮಿಗೆ ಹೊರಡಲು ಕೋಟಿನ ಗುಂಡಿ ಹಾಕಿಕೊಳ್ಳುತ್ತ. “ಕಾಫಿ ಬೇಡ, ಹೊಗಳಿಕೆ ಬೇಡ. ನಾನು ಒಳಗೆ ಬಂದೆ ಅಂತ ಯಾರೂ ಮಾತು ನಿಲ್ಲಿಸಬಾರದು. ಅಷ್ಟಾದ್ರೆ ಸಾಕು.”